ಉಪ್ಪಿನವರ ರಾಚವ್ವ

ನಮ್ಮೂರಿನವರ ಅಡ್ಡಹೆಸರು ಕೇಳಿ ನಗದ ಮನುಷ್ಯನನ್ನು ನಾನು ಮುಂಬಯಿಯಲ್ಲಿ ಇನ್ನೂ ಕಂಡಿಲ್ಲ. ನಮ್ಮೂರು ಕಲ್ಲಹೊಂಡ. ಬೆಳಗಾವಿಯಿಂದ ಮೋಟಾರು ಹತ್ತಿದರೆ ಅರ್ಧ ದಿನದ ದಾರಿ. ಹಿಂದೊಮ್ಮೆ ಅಲ್ಲಿ ದೊಡ್ಡ ಸಂತೆ ನೆರೆಯುತ್ತಿತ್ತು. ಯಾರ ಮುತ್ತಜ್ಜ ಏನು ಮಾರುತ್ತಿದ್ದನೋ ಅದೇ ಆ ಮನೆತನದ ಹೆಸರಾಗಿ ನಿಂತಿತು. ಹಾಗಾಗಿ ನಮ್ಮಲ್ಲಿ ಅಕ್ಕಿಯವರು, ಬೆಲ್ಲದವರು, ತುಪ್ಪದವರು, ಮೆಣಸಿನಕಾಯಿಯವರು, ಉಳ್ಳಾಗಡ್ಡಿಯವರು ಎಲ್ಲರೂ ಇದ್ದಾರೆ. ನಾನು ಬದನಿಕಾಯಿಯವನು. ವಡಾಲದ ಗೋದಾಮಿನ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿದ ದಿನ ಪಾರ್ಸಿ ಮ್ಯಾನೇಜರು ನನ್ನ ಹೆಸರಿನ ಅರ್ಥ ಕೇಳಿದರು. ಹೇಳಿದೆ. ಆ ಇಡೀ ವಾರ ನನ್ನ ಮುಖ ಕಂಡಾಗಲೆಲ್ಲ ಅವರಿಗೆ ಕೆಮ್ಮು ಬರುತ್ತಿತ್ತು. ಬರಲಿ. ಬದನಿಕಾಯಿ ಮಾರಿಯೇ ನಮ್ಮಜ್ಜ ಮನೆ ಕಟ್ಟಿದ, ನನಗೇನೂ ನಾಚಿಕೆಯಿಲ್ಲ.

ಈ ಕತೆ ಉಪ್ಪಿನವರ ಸೊಸೆ ರಾಚವ್ವನದು. ವಡಾಲ ಸ್ಟೇಷನ್ನಿನಿಂದ ಬಂದರಿನ ಕಡೆ ನಡೆದರೆ ಒಂದು ಹಳೆಯ ಚಾಳು ಸಿಗುತ್ತದೆ. ಅದರ ಕೆಳಗಿನ ಮೂಲೆಯ ಎರಡು ಖೋಲಿಗಳಲ್ಲಿ ಆಕೆಯ ಖಾನಾವಳಿ. ಒಂದರಲ್ಲಿ ಒಲೆ, ಇನ್ನೊಂದರಲ್ಲಿ ನಾವು. ಬಂದರಿನ ಹಮಾಲರು, ಗಿರಣಿಯವರು, ನನ್ನಂಥ ಗುಮಾಸ್ತರು, ಎಲ್ಲರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ಇಸ್ತ್ರಿಯ ಪ್ಯಾಂಟು ಸುಕ್ಕಾಗುತ್ತದೆಂದು ಯಾರಾದರೂ ಗೊಣಗಿದರೆ, "ಪ್ಯಾಂಟ ಮನ್ಯಾಗ ಬಿಟ್ಟ ಬಾ, ಪಂಜೆ ಉಟ್ಟಾವರಿಗೆ ನಾ ಇನ್ನೊಂದ ರೊಟ್ಟಿ ಹೆಚ್ಚಿಗಿ ಹಾಕತೀನಿ" ಎನ್ನುತ್ತಿದ್ದಳು. ತಾಟಿನಲ್ಲಿ ಅನ್ನ ಬಿಟ್ಟು ಎದ್ದವನಿಗೆ ಮರುದಿನ ಖಾಲಿ ತಾಟು ಮುಂದಿಟ್ಟು, "ನಿನ್ನಿ ಬಿಟ್ಟದ್ದನ್ನ ಮೊದಲ ಮುಗಸು" ಎಂದು ಎಲ್ಲರ ಊಟ ಆಗುವ ತನಕ ಕೂಡಿಸಿಬಿಡುತ್ತಿದ್ದಳು. ನಾನೂ ಒಮ್ಮೆ ಹಾಗೆ ಕೂತಿದ್ದೇನೆ. ಸಿಟ್ಟು ಬಂದು ಮಾಟುಂಗದ ಉಡುಪಿ ಹೋಟೆಲಿಗೆ ಹೋದೆ. ಎರಡು ದಿನ ಅಲ್ಲಿಯ ತಿಳಿಸಾರು ಉಂಡ ಮೇಲೆ ಸಿಟ್ಟು ತಾನಾಗಿ ಇಳಿಯಿತು.

ಎತ್ತರದ ಹೆಂಗಸು, ದೊಡ್ಡ ಕೈ, ಅದಕ್ಕಿಂತ ದೊಡ್ಡ ನಗೆ. ರೊಟ್ಟಿ ಬಡಿಯುತ್ತಲೇ ಬೈಯುವುದು, ರೊಟ್ಟಿ ಬಡಿಯುತ್ತಲೇ ಮನೆಯ ಸುದ್ದಿ ವಿಚಾರಿಸುವುದು. ಅಕ್ಕಪಕ್ಕದ ಮರಾಠಿ ಹೆಂಗಸರು ಆಕೆಯನ್ನು ರಾಚಾಬಾಯಿ ಎನ್ನುತ್ತಿದ್ದರು. ಅವರೊಂದಿಗೆ ಆಕೆ ಆಡುವ ಮರಾಠಿಯಲ್ಲಿ ಅರ್ಧಕ್ಕರ್ಧ ಕನ್ನಡವೇ ಇರುತ್ತಿತ್ತು. ಆದರೆ ಆಕೆಯ ಶೇಂಗಾ ಚಟ್ನಿಯ ರುಚಿ ಹತ್ತಿದ್ದರಿಂದ ಆ ಮರಾಠಿಯನ್ನು ತಿದ್ದುವ ಧೈರ್ಯ ಯಾರಿಗೂ ಬರಲಿಲ್ಲ.

ಆಕೆಯ ಗಂಡ ಶೆಟ್ಟೆಪ್ಪ ಲಢಾಯಿಯಲ್ಲಿ ಸತ್ತವನು. ಮದುವೆಯಾದ ಮರುವರ್ಷವೇ ಬೆಳಗಾವಿಗೆ ಹೋಗಿ ಪಲ್ಟನ್ ಸೇರಿದ. ಸೇರಿದನೇನೋ ಸರಿ, ಆದರೆ ಕವಾಯತು ಅವನ ಹಣೆಯಲ್ಲಿ ಬರೆದಿರಲಿಲ್ಲ. ಎಲ್ಲರ ಬಲಗಾಲು ಮುಂದೆ ಬಂದಾಗ ಇವನ ಎಡಗಾಲು ಬರುತ್ತಿತ್ತಂತೆ. ಬಂದೂಕು ಹಾರಿಸಲು ಕೊಟ್ಟರೆ ಗುರಿಯ ಹಲಗೆ ಬಿಟ್ಟು ಉಳಿದದ್ದೆಲ್ಲಕ್ಕೂ ತಾಗುತ್ತಿತ್ತಂತೆ. ಕೊನೆಗೆ ಮೇಲಿನವರು ಬೇಸತ್ತು ಅವನನ್ನು ಅಡುಗೆಮನೆಗೆ ಕಳಿಸಿದರು. ಪಲ್ಟನ್ನಿನಲ್ಲಿ ಅಡುಗೆಯವನಿಗೆ ಲಾಂಗ್ರಿ ಎನ್ನುತ್ತಾರೆ. ಶೆಟ್ಟೆಪ್ಪ ಲಾಂಗ್ರಿಯಾದ, ಲಾಂಗ್ರಿಯಾಗಿ ಬಲು ಸುಖವಾಗಿದ್ದ.

ರಜೆಯಲ್ಲಿ ಬಂದ ಗಂಡನ ಕತೆಯನ್ನು ರಾಚವ್ವ ಹೇಳಿದಷ್ಟು ಸಲವೂ ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇವೆ. ಬಂದವನೇ ಹೆಂಡತಿಯನ್ನೂ ತಾಯಿಯನ್ನೂ ಒಲೆಯ ಮುಂದಿನಿಂದ ಎಬ್ಬಿಸಿದ. ಗಂಡಸು ಒಲೆ ಮುಂದೆ ಕೂತನೆಂದು ಅತ್ತೆ ದೇವರ ಮನೆ ಸೇರಿ ಅತ್ತಳು. ಅವನಿಗೆ ಇನ್ನೂರು ಮಂದಿಗೆ ಅಡುಗೆ ಮಾಡಿ ರೂಢಿ. ಮೂವರಿಗೆ ಮಾಡುವುದು ಹೇಗೆಂದು ಮರೆತೇ ಹೋಗಿತ್ತು.

"ಒಂದ ಹಂಡೆ ಪಲ್ಯ, ತಮ್ಮಾ," ಎಂದು ಆಕೆ ಕೈಯಗಲಿಸಿ ತೋರಿಸುತ್ತಿದ್ದಳು. "ನೀರ ಕಾಸೋ ಹಂಡೆ. ನಾ ಕೇಳಿದೆ, ಇದನ್ನ ಉಣ್ಣಾವರು ಯಾರು ಅಂತ. ಹೊರಗ ಹೋಗಿ ನಿಂತರು ನೋಡು, ಓಣಿಗೆಲ್ಲಾ ಕೇಳೂ ಹಂಗ ತಾಟ ಬಡದರು. ಓಣಿ ಮಂದಿಯೆಲ್ಲಾ ಬಂದ ಉಂಡ್ರು. ರಜಾ ಮುಗಿಯೂ ತನಕ ನಮ್ಮೋಣ್ಯಾಗ ಯಾರ ಮನ್ಯಾಗೂ ಸಂಜಿಗೆ ಒಲಿ ಹಚ್ಚಲಿಲ್ಲ."

ಆ ರಜೆ ಮುಗಿಸಿ ಹೋದವನು ತಿರುಗಿ ಬರಲಿಲ್ಲ. ಇಟಲಿಯ ಯಾವುದೋ ಗುಡ್ಡದ ಮೇಲೆ, ಮುಂದಿನ ಸಾಲಿನಲ್ಲಿದ್ದ ಸಿಪಾಯಿಗಳಿಗೆ ಬಿಸಿ ಅನ್ನ ಹೊತ್ತು ಹೋಗುವಾಗ ತೋಪಿನ ಗುಂಡು ಬಿತ್ತು. ರಾಚವ್ವ ಇದನ್ನು ಹೇಳುವಾಗ ಅಳುತ್ತಿರಲಿಲ್ಲ. ಹೇಳಿ ಮುಗಿಸಿ ಮುಂದಿನ ರೊಟ್ಟಿ ಬಡಿಯುತ್ತಿದ್ದಳು, ಅಷ್ಟೇ. ಊರಿನಲ್ಲಿ ಹಿರಿಯರು ಆಕೆಯನ್ನು ಒಂದು ಮೂಲೆಯಲ್ಲಿ ಕೂಡಿಸಲು ನೋಡಿದರು. ಮೂಲೆ ಆಕೆಗೆ ಸಾಲಲಿಲ್ಲ. ವಡಾಲದಲ್ಲಿ ನಮ್ಮೂರಿನ ಗಂಡಸರು ಅರೆಬೆಂದ ಅನ್ನ ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತಿದ್ದಾರೆಂದು ಕೇಳಿ ರೈಲು ಹತ್ತಿ ಬಂದುಬಿಟ್ಟಳು. ದೊಡ್ಡ ಪಾತ್ರೆಯಲ್ಲಿ ಅಡುಗೆ ಮಾಡುವುದನ್ನು ಗಂಡ ರಜೆಯಲ್ಲಿ ಕಲಿಸಿ ಹೋಗಿದ್ದ.

ಇನ್ನು ಸುಭೇದಾರ ಸಿದ್ದಲಿಂಗಪ್ಪನವರ ವಿಷಯ. ಅವರೂ ನಮ್ಮೂರಿನವರೇ. ಲಢಾಯಿ ಮುಗಿಸಿ, ಮೀಸೆ ಸಮೇತ ಪೆನ್ಶನ್ ಪಡೆದು, ನಮ್ಮ ಗೋದಾಮಿನ ಚೌಕೀದಾರರಿಗೆಲ್ಲ ಮುಖ್ಯಸ್ಥರಾಗಿ ಬಂದಿದ್ದರು. ಒಳ್ಳೆಯ ಮನುಷ್ಯ. ಆದರೆ ನೀರು ಕೇಳಿದರೂ ಹುಕುಮು ಕೊಟ್ಟಂತೆ ಇರುತ್ತಿತ್ತು. ೧೯೫೫ನೆಯ ಇಸವಿ, ಲಢಾಯಿ ನಿಂತು ಹತ್ತನೆಯ ವರ್ಷ. ಕಲ್ಲಹೊಂಡದಿಂದ ಹೋಗಿ ಸತ್ತ ಸಿಪಾಯಿಗಳ ನೆನಪಿಗೆ ಮುಂಬಯಿಯ ನಾವೆಲ್ಲ ಸೇರಿ ಒಂದು ಸಭೆ ಮಾಡಬೇಕೆಂದು ಅವರು ಹೊರಟರು. ಜಾಗ, ಖಾನಾವಳಿ ಇರುವ ಚಾಳಿನ ಅಂಗಳ. ವೇಳೆ, ಫೆಬ್ರುವರಿಯ ಒಂದು ರವಿವಾರ. ಸತ್ತವರ ಹೆಸರು ಬರೆದ ದೊಡ್ಡ ಬೋರ್ಡು ನಿಲ್ಲಿಸಿ, ಮಾಲೆ ಹಾಕಿ, ಹೆಸರುಗಳನ್ನು ಗಟ್ಟಿಯಾಗಿ ಓದಿ, ಚಹಾ ಚಿವಡಾ ಕೊಟ್ಟು ಕಳಿಸುವುದು. ಒಬ್ಬ ಅಕ್ಕಿ, ಒಬ್ಬ ಬೆಲ್ಲದ, ಒಬ್ಬ ತುಪ್ಪದ, ಒಬ್ಬ ಮೆಣಸಿನಕಾಯಿ, ಒಬ್ಬ ಉಳ್ಳಾಗಡ್ಡಿ. ಐದು ಹೆಸರು.

ಆರನೆಯದು ಇರಲಿಲ್ಲ. ರಾಚವ್ವ ಕೈ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು, ಅಂಗಳ ನೋಡಲು ಬಂದಿದ್ದ ಸುಭೇದಾರರ ಮುಂದೆ ಹೋಗಿ ನಿಂತಳು. ನಾನು ಊಟ ಮಾಡುತ್ತ ಅಲ್ಲೇ ಕೂತಿದ್ದೆ.

"ಸಾಹೇಬ್ರ, ನಮ್ಮ ಮನಿಯವರದೂ ಒಂದ ಹೆಸರ ಸೇರಸ್ರಿ."

ಸುಭೇದಾರರು ಮೀಸೆ ನೀವಿದರು. "ನೋಡ ತಂಗಿ, ಇದು ವೀರರ ಸಭಾ. ನಿನ್ನ ಗಂಡ ಭಾಳ ಒಳ್ಳೆ ಮನಿಷ್ಯಾ. ಆದರ ಅಂವ ಲಾಂಗ್ರಿ. ಬಂದೂಕ ಹಿಡದವರ ಸಾಲಿನ್ಯಾಗ ಸೌಟ ಹಿಡದವನನ್ನ ಹ್ಯಾಂಗ ನಿಲ್ಲಸೂದು?"

"ಸತ್ತದ್ದು ಅದ ಗುಂಡಿಗೆ ಅಲ್ಲೇನ್ರಿ?"

"ಸಾಯೂದು ಬ್ಯಾರೆ, ಲಢಾಯಿ ಮಾಡೂದು ಬ್ಯಾರೆ. ಪಲ್ಟನ್ನಿನ ರೀತಿ ನಿನಗ ತಿಳಿಯೂದಿಲ್ಲ."

ರಾಚವ್ವ ಜಗಳ ಆಡುತ್ತಾಳೆಂದು ನಾನು ಕಾದೆ. ಆಡಲಿಲ್ಲ. "ಆತ್ರಿ" ಎಂದು ಒಲೆಯ ಮುಂದೆ ಹೋಗಿ ಕೂತಳು. ನನಗೆ ಮೈಯೆಲ್ಲ ಉರಿಯಿತು. ಸುಭೇದಾರರು ಹೋದ ಮೇಲೆ, ಈ ಸಭೆಗೆ ನಾನು ಕಾಲಿಡುವುದಿಲ್ಲ ಅಕ್ಕಾ, ಖಾನಾವಳಿಯ ಯಾರೂ ಹೋಗಬಾರದು ಎಂದು ಕೂಗಾಡಿದೆ.

"ಸುಮ್ಮ ಉಣ್ಣು," ಎಂದಳು. ಆಮೇಲೆ ಮೆಲ್ಲಗೆ ಹೇಳಿದಳು, "ತಮ್ಮಾ, ನನಗ ಬೋರ್ಡಿನ ಆಸೆ ಇಲ್ಲ. ನನಗ ಓದಾಕೂ ಬರಾಂಗಿಲ್ಲ. ಅವರು ಹೋದಾಗಿಂದ ಅವರ ಹೆಸರ ಯಾರ ಬಾಯಾಗೂ ಬಂದಿಲ್ಲ. ಅತ್ತಿ ಒಬ್ಬಾಕಿ ಇದ್ದಾಗ ಅಳಕೋತ ಕರೀತಿದ್ದಳು, ಆಕಿನೂ ಹೋದಳು. ನಾ ಅಂತೂ ಹೇಳಾಂಗಿಲ್ಲ. ಮಂದಿ ನಡುವ ಯಾರರ ಒಮ್ಮೆ ಗಟ್ಟಿಯಾಗಿ ಅಂದರ ಕಿವಿತುಂಬ ಕೇಳಬೇಕು ಅಂತ ಇತ್ತು. ಅಷ್ಟ."

ಅಷ್ಟು ಸಣ್ಣ ಆಸೆಗೆ ಇಲ್ಲ ಎಂದ ಮನುಷ್ಯನ ಮೀಸೆಯ ಮೇಲೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

ಬೋರ್ಡು ಬರೆಯುವ ಕೆಲಸ ಮಾಟುಂಗದ ಶಾಮಣ್ಣನಿಗೆ ಹೋಯಿತು. ಶಾಮಣ್ಣ ಮೈಸೂರು ಕಡೆಯವರು. ಕಿರಾಣಿ ಅಂಗಡಿ ಇಟ್ಟಿದ್ದರು. ಅಕ್ಷರ ಮುತ್ತಿನಂತೆ ದುಂಡಗೆ ಇದ್ದದ್ದರಿಂದ ಕನ್ನಡ ಸಂಘಗಳ ಬೋರ್ಡುಗಳನ್ನೂ ಅವರೇ ಬರೆದುಕೊಡುತ್ತಿದ್ದರು. ಅಂಗಡಿಯಲ್ಲಿ ಟೆಲಿಫೋನು ಇತ್ತು. ಸುಭೇದಾರರು ನಮ್ಮ ಆಫೀಸಿನ ಟೆಲಿಫೋನು ಹಿಡಿದು, ಮಾಟುಂಗಕ್ಕೆ ನೇರವಾಗಿಯೇ ಕೇಳಲಿ ಎಂಬಂತೆ ಕೂಗಿದರು, ಅದೂ ಪಲ್ಟನ್ನಿನ ಹಾಜರಿ ಕರೆದಂತೆ ಬರೀ ಅಡ್ಡಹೆಸರು. ನಾನು ಎದುರಿನ ಮೇಜಿನಲ್ಲೇ ಇದ್ದೆ.

"ಶಾಮಣ್ಣಾರ, ರವಿವಾರದ ಕಾರ್ಯಕ್ರಮಕ್ಕ ಬರಕೋರಿ. ಅಕ್ಕಿ. ಬೆಲ್ಲದ. ತುಪ್ಪದ. ಮೆಣಸಿನಕಾಯಿ. ಉಳ್ಳಾಗಡ್ಡಿ. ಆತೇನು?"

ಆ ಕಡೆಯಿಂದ ಶಾಮಣ್ಣ ಕೇಳಿದ್ದು, "ಎಷ್ಟೆಷ್ಟು ಬೇಕು ಸಾರ್?" ಎಂದು. ಇದು ನಮಗೆ ಆಮೇಲೆ ತಿಳಿದದ್ದು. ಅಕ್ಷರದ ಗಾತ್ರ ಕೇಳುತ್ತಿದ್ದಾರೆಂದು ಸುಭೇದಾರರು ತಿಳಿದರು.

"ಎಲ್ಲಾ ಒಂದ ಸಮ. ಒಂದ ಹೆಚ್ಚು ಒಂದ ಕಡಿಮಿ ಆಗಬಾರದು. ಯಾರನ್ನೂ ನಾವು ಸಣ್ಣ ಮಾಡಾಂಗಿಲ್ಲ. ನೂರು ಮಂದಿ ಬರತಾರ, ನೂರೂ ಮಂದಿಗೆ ಮುಟ್ಟಬೇಕು."

"ಮೆಣಸಿನಕಾಯೂ ಅಷ್ಟೇನಾ ಸಾರ್?"

"ಮೆಣಸಿನಕಾಯಿಗೆ ಏನಾಗೇತಿ? ಎಲ್ಲಾರಿಗಿಂತ ಮುಂಚೆ ಹೋದಾಂವ ಅಂವ."

ಮೆಣಸಿನಕಾಯಿ ಎಲ್ಲಕ್ಕಿಂತ ಮುಂಚೆ ಮುಗಿದು ಹೋಗುತ್ತದೆಂದು ಶಾಮಣ್ಣ ಅರ್ಥ ಮಾಡಿಕೊಂಡರು.

"ಸರಿ ಸಾರ್. ಎಲ್ಲಿಗೆ ತಂದಿಡಲಿ?"

"ಅಂಗಳದಾಗ ಸಾಲಾಗಿ ನಿಲ್ಲಸ್ರಿ. ಮಾಲಿ ಹಾಕತೀವಿ. ಊದಿನಕಡ್ಡಿ ಹಚ್ಚತೀವಿ. ಎಲ್ಲಾರೂ ನಿಂತ ಕೈಮುಗೀತೀವಿ."

ಇಷ್ಟಾದರೂ ನನಗಾಗಲಿ ಅವರಿಗಾಗಲಿ ಸಂಶಯ ಬರಲಿಲ್ಲ. ನಮ್ಮ ಕಿವಿಗೆ ಅವು ಮನುಷ್ಯರು. ಅಕ್ಕಿ ಎಂದರೆ ನಮಗೆ ಕೆರೆಯ ಏರಿಯ ಮೇಲೆ ಓಡುತ್ತಿದ್ದ ದಾನಪ್ಪ, ಮೆಣಸಿನಕಾಯಿ ಎಂದರೆ ಕೊಳಲು ಊದುತ್ತಿದ್ದ ಗುರುಪಾದ. ಮೈಸೂರು ಕಡೆಯವರಿಗೆ ಹೆಸರಿನ ಮೊದಲು ಎರಡು ಇಂಗ್ಲಿಷ್ ಅಕ್ಷರ ಇದ್ದರೆ ಮುಗಿಯಿತು, ಇಂಥ ಅಡ್ಡಹೆಸರು ಇರಬಹುದೆಂದು ಆ ಸಾಧು ಮನುಷ್ಯನಿಗೆ ಹೊಳೆಯುವುದಾದರೂ ಹೇಗೆ? ಈ ಬಡಗಣ ಮಂದಿ ಅಡುಗೆ ಸಾಮಾನಿಗೂ ಪೂಜೆ ಮಾಡುತ್ತಾರೆ, ಎಂಥ ಸಂಸ್ಕಾರ ಎಂದು ಶಾಮಣ್ಣ ಅಂದು ತಮ್ಮ ಹೆಂಡತಿಯ ಮುಂದೆ ನಮ್ಮನ್ನು ಹೊಗಳಿದರಂತೆ.

ರವಿವಾರ ಬೆಳಿಗ್ಗೆ ಅಂಗಳದಲ್ಲಿ ಚಪ್ಪರ ಹಾಕಿ, ನೆಲ ಸಾರಿಸಿ, ರಂಗೋಲಿ ಬಿಟ್ಟು ಕಾದೆವು. ಸಭೆಗೆ ಕಾಲಿಡುವುದಿಲ್ಲ ಎಂದಿದ್ದ ನಾನೇ ಚಪ್ಪರದ ಹಗ್ಗ ಬಿಗಿಯುತ್ತಿದ್ದೆ, ಯಾಕೆಂದರೆ ರಾಚವ್ವ ಬೈದು ಕಳಿಸಿದ್ದಳು. ಜನ ಬರತೊಡಗಿದರು. ಮಾಟುಂಗದವರು ಬಂದರು, ಅಂಧೇರಿಯಿಂದ ಎರಡು ಮನೆಯವರು ಮಕ್ಕಳನ್ನು ಎತ್ತಿಕೊಂಡು ಲೋಕಲ್ ಬದಲಿಸಿ ಬಂದರು. ಸತ್ತ ದಾನಪ್ಪ ಅಕ್ಕಿಯ ತಾಯಿ ನಾಗವ್ವ ಮಗಳ ಕೈ ಹಿಡಿದು ಬಂದು ಮುಂದೆ ಕೂತಳು. ಸುಭೇದಾರರು ಕೋಟಿಗೆ ಪದಕ ಚುಚ್ಚಿಕೊಂಡು ಗೇಟಿನಲ್ಲಿ ನಿಂತಿದ್ದರು.

ಆಗ ಗೇಟಿನೊಳಗೆ ಕೈಗಾಡಿ ಬಂತು. ಹಿಂದೆ ಶಾಮಣ್ಣ, ಹಣೆಗೆ ಕುಂಕುಮ, ಮುಖದ ತುಂಬ ಭಕ್ತಿ. ಗಾಡಿಯಿಂದ ಅಕ್ಕಿಯ ಚೀಲ ಇಳಿಯಿತು. ಬೆಲ್ಲದ ಪೆಂಟೆಗಳು ಇಳಿದವು. ತುಪ್ಪದ ಡಬ್ಬಗಳು ಇಳಿದವು. ಉಳ್ಳಾಗಡ್ಡಿಯ ಚೀಲ ಇಳಿಯಿತು. ಮೆಣಸಿನಕಾಯಿ ಹಗುರ ನೋಡಿ, ಉಳಿದವುಗಳ ತೂಕಕ್ಕೆ ಸರಿಯಾಗಬೇಕಲ್ಲ, ಅದೊಂದೇ ಆಳೆತ್ತರದ ಮೂಟೆಗಳಾಗಿ ಬಂದಿತ್ತು. ಶಾಮಣ್ಣ ಎಲ್ಲವನ್ನೂ ರಂಗೋಲಿಯ ಮೇಲೆ ನೂಲು ಹಿಡಿದಂತೆ ಸಾಲಾಗಿ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದರು.

"ಎಲ್ಲಾ ಒಂದೇ ಸಮ ಇದೆ ಸಾರ್. ಯಾರನ್ನೂ ಸಣ್ಣ ಮಾಡಿಲ್ಲ."

"ಬೋರ್ಡ ಎಲ್ಲಿ?" ಎಂದರು ಸುಭೇದಾರರು.

"ಯಾವ ಬೋರ್ಡು ಸಾರ್?"

ಮೊದಲು ನಕ್ಕವಳು ರಾಚವ್ವ. ಹಿಂದಿನ ಕಂಬಕ್ಕೆ ಒರಗಿ ನಿಂತಿದ್ದವಳು ಮೂಟೆಗಳ ಸಾಲು ನೋಡಿದಳು, ಸುಭೇದಾರರ ಮುಖ ನೋಡಿದಳು, ಬಾಯಿಗೆ ಸೆರಗು ಇಟ್ಟುಕೊಂಡರೂ ತಡೆಯಲಾಗಲಿಲ್ಲ. ನಗು ಅಂಗಳದ ತುಂಬ ಹಬ್ಬಿತು. ನಾಗವ್ವ ಎದ್ದು ಹೋಗಿ ಅಕ್ಕಿಯ ಚೀಲ ಮುಟ್ಟಿ, "ನನ್ನ ಮಗಾ ಇಷ್ಟ ದಪ್ಪ ಎಂದೂ ಇರಲಿಲ್ಲೋ ಯಪ್ಪಾ" ಎಂದು ನಗುತ್ತ ಕಣ್ಣು ಒರೆಸಿಕೊಂಡಳು. ಯಾರೋ ಮೆಣಸಿನಕಾಯಿಯ ಮೂಟೆಗೆ ಮಾಲೆ ಹಾಕಿಯೇ ಬಿಟ್ಟರು. ಶಾಮಣ್ಣನಿಗೆ ವಿಷಯ ತಿಳಿಸಿದಾಗ ಅವರು ಹಣೆ ಹಣೆ ಬಡಿದುಕೊಂಡರು. ಸುಭೇದಾರರೊಬ್ಬರು ಮಾತ್ರ ಕೆಂಪಾಗಿ ನಿಂತಿದ್ದರು. ಬೋರ್ಡಿಲ್ಲದ ಸಭೆಗೆ ಅರ್ಥವಿಲ್ಲ, ಎಲ್ಲರೂ ಮನೆಗೆ ಹೋಗಿ ಎಂದು ಹುಕುಮು ಕೊಡುವುದರಲ್ಲಿದ್ದರು.

"ಯಾಕ ಕಳಸ್ತೀರಿ ಸಾಹೇಬ್ರ?" ಎಂದು ರಾಚವ್ವ ಮುಂದೆ ಬಂದಳು. "ಊರ ವೀರರು ಸಾಲಾಗಿ ಬಂದ ನಿಂತಾರ. ನೂರು ಮಂದಿ ಕೂತಾರ. ನಾ ಅಡಗಿ ಮಾಡತೀನಿ. ಉಂಡ ಹೋಗ್ರಿ, ಉಣ್ಣೂವಾಗ ಅವರನ್ನ ನೆನಸ್ರಿ."

ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ, ತುಪ್ಪದ ಡಬ್ಬಗಳು ಅಷ್ಟು ಹತ್ತಿರದಲ್ಲಿದ್ದವು.

ಅಂಗಳದಲ್ಲೇ ಕಲ್ಲಿನ ಒಲೆ ಹೂಡಿದೆವು. ಖಾನಾವಳಿಯ ದೊಡ್ಡ ಪಾತ್ರೆಗಳು ಹೊರಗೆ ಬಂದವು. ಹೆಂಗಸರು ಉಳ್ಳಾಗಡ್ಡಿ ಹೆಚ್ಚುತ್ತ ಅತ್ತರು, ಅತ್ತುಕೊಂಡೇ ನಕ್ಕರು. ಸತ್ತವರ ಕತೆಗಳು ತಾವಾಗಿ ಹೊರಬಂದವು. ಬೆಲ್ಲದವರ ಹುಡುಗ ಎಮ್ಮೆಯ ಮೇಲೆ ಕೂತು ಶಾಲೆಗೆ ಬಂದದ್ದು, ಉಳ್ಳಾಗಡ್ಡಿ ಮಲ್ಲೇಶಿ ಹೆಣ್ಣು ನೋಡಲು ಹೋಗಿ ತಪ್ಪಿ ಪಕ್ಕದ ಮನೆಯಲ್ಲಿ ಉಪ್ಪಿಟ್ಟು ತಿಂದು ಬಂದದ್ದು. ಬೋರ್ಡು ಬಂದಿದ್ದರೆ ಇವು ಯಾವುವೂ ಬರುತ್ತಿರಲಿಲ್ಲ. ಶಾಮಣ್ಣ ಪ್ರಾಯಶ್ಚಿತ್ತವೆಂದು ಸೌಟು ಹಿಡಿದು ಹೊಗೆಯಲ್ಲಿ ನಿಂತಿದ್ದರು. ಬೆಲ್ಲದ ಅನ್ನ ತುಪ್ಪದಲ್ಲಿ ತೇಲುತ್ತಿತ್ತು. ಇನ್ನೊಂದು ಪಾತ್ರೆಯಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ ಹಾಕಿ ತುಪ್ಪದಲ್ಲಿ ಕೊಟ್ಟ ಒಗ್ಗರಣಿ ಅನ್ನ. ಅದರ ಘಾಟಿಗೆ ಮೇಲಿನ ಅಂತಸ್ತಿನವರು ಸೀನುತ್ತ ಕಟಾಂಜನಕ್ಕೆ ಬಂದು ನಿಂತರು.

ನಾನು ಒಳಗೆ ಹೋಗಿ ಉಪ್ಪಿನ ಭರಣಿ ತಂದೆ. ರಾಚವ್ವ ನನ್ನ ಕೈ ಹಿಡಿದಳು.

"ಗಾಡ್ಯಾಗ ಉಪ್ಪ ಬಂದಿತ್ತೇನು?"

"ಇಲ್ಲ ಅಕ್ಕಾ."

"ಮತ್ತ? ಸಾಹೇಬ್ರು ತರಿಸಿದ್ದಷ್ಟ ಹಾಕತೀನಿ. ನನಗ ಪಲ್ಟನ್ನಿನ ರೀತಿ ತಿಳಿಯೂದಿಲ್ಲ."

ಆಕೆಯ ಕಣ್ಣಿನಲ್ಲಿದ್ದ ತುಂಟತನ ನೋಡಿ ನಾನು ಭರಣಿಯನ್ನು ಬಾಗಿಲ ಹಿಂದೆ ಇಟ್ಟು ಬಾಯಿ ಮುಚ್ಚಿಕೊಂಡೆ. ಅಷ್ಟು ಸಂತೋಷದಿಂದ ನಾನು ಜೀವಮಾನದಲ್ಲಿ ಎಂದೂ ಬಾಯಿ ಮುಚ್ಚಿಕೊಂಡಿಲ್ಲ.

ನೂರು ಮಂದಿ ಸಾಲಾಗಿ ಕೂತರು. ಸುಭೇದಾರರು ಮೊದಲ ಎಲೆಗೆ. ಸಿಹಿ ಬಡಿಸಿದಾಗ ಎಲ್ಲರೂ ವಾಹವಾ ಎಂದರು. ಸುಭೇದಾರರ ಮುಖದ ಕೆಂಪು ಕೂಡ ಇಳಿಯಿತು. ಆಮೇಲೆ ಒಗ್ಗರಣಿ ಅನ್ನ ಬಂತು. ಬಾಯಿಗೆ ಇಟ್ಟವರು ಇಟ್ಟ ಹಾಗೆಯೇ ಕೂತರು. ಖಾರ ಒಂದೇ ಇತ್ತು, ರುಚಿ ಇರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಸುಭೇದಾರರು ಮಾತ್ರ ದೊಡ್ಡ ತುತ್ತು ನುಂಗಿದ್ದರು. ಖಾರ ನೆತ್ತಿಗೆ ಹತ್ತಿ, ಕಣ್ಣಲ್ಲಿ ನೀರು ಬಂದು, ಚೊಂಬು ನೀರು ಕುಡಿದು ಕೇಳಿದರು.

"ಉಪ್ಪ ಎಲ್ಲೈತಿ ರಾಚವ್ವಾ?"

ರಾಚವ್ವ ಸೌಟು ಹಿಡಿದುಕೊಂಡೇ ಅವರ ಎಲೆಯ ಮುಂದೆ ನಿಂತಳು. ದನಿ ಎತ್ತರಿಸಲಿಲ್ಲ.

"ನೀವ ಬಿಟ್ಟೀರಲ್ರಿ ಸಾಹೇಬ್ರ. ಉಪ್ಪಿನವರು ನಿಮ್ಮ ಸಾಲಿನ್ಯಾಗ ಇಲ್ಲ."

ಮೊದಲ ಸಾಲಿಗೆ ಅರ್ಥವಾಯಿತು. ಅಲ್ಲಿಂದ ಹಿಂದಿನ ಸಾಲಿಗೆ ಪಿಸುಮಾತು ಹೋಯಿತು. ಯಾರೋ ಕಿಸಕ್ಕನೆ ನಕ್ಕರು, ಪಕ್ಕದವರು ಅವರನ್ನು ತಿವಿದರು. ಸುಭೇದಾರರು ಎಲೆಯನ್ನು ನೋಡುತ್ತ ಕೂತರು. ಅವರು ಎದ್ದು ಹೋಗುತ್ತಾರೆಂದು ನಾನು ಅಂದುಕೊಂಡೆ. ಎದ್ದರು, ಆದರೆ ಹೋಗಲಿಲ್ಲ. ಎಂಜಲು ಕೈಯನ್ನು ಪಕ್ಕಕ್ಕೆ ಹಿಡಿದು ನೆಟ್ಟಗೆ ನಿಂತರು.

"ಐದು ವರ್ಷ ಉಂಡೀನಿ," ಎಂದರು. ಅವರ ದನಿ ಹುಕುಮಿನ ದನಿಯಾಗಿರಲಿಲ್ಲ. "ಬರ್ಮಾದ ಮಳ್ಯಾಗ, ಕೆಸರಿನ್ಯಾಗ, ನಡಾ ತನಕ ನೀರಿನ್ಯಾಗ ನಿಂತಾಗ ಒಬ್ಬ ಲಾಂಗ್ರಿ ಬಿಸಿ ಅನ್ನಾ ತಂದ ಕೊಡತಿದ್ದ. ದಿನಾ. ಅವನ ಹೆಸರ ಏನು ಅಂತ ನಾ ಒಂದ ದಿನ ಕೇಳಲಿಲ್ಲ. ಈಗ ನೆನಸೂಣು ಅಂದರ ಹೆಸರ ಗೊತ್ತಿಲ್ಲ." ರಾಚವ್ವನ ಕಡೆ ತಿರುಗಿದರು. "ತಪ್ಪಾತು ತಂಗಿ."

ಆಮೇಲೆ ಎದೆಯುಬ್ಬಿಸಿದರು. ಗೋದಾಮಿನ ಆ ತುದಿಯ ಚೌಕೀದಾರನನ್ನು ಎಬ್ಬಿಸುವ ಅವರ ಆ ಗಂಟಲು ನಮಗೆಲ್ಲ ಗೊತ್ತು. ಆ ಗಂಟಲಿನಲ್ಲೇ ಕೂಗಿದರು.

"ಲಾಂಗ್ರಿ ಶೆಟ್ಟೆಪ್ಪ ಉಪ್ಪಿನ, ಕಲ್ಲಹೊಂಡ."

ನೂರು ಮಂದಿ ಎದ್ದು ನಿಂತು ಆ ಹೆಸರನ್ನು ಕೂಗಿದರು. ಮೇಲಿನ ಕಟಾಂಜನದ ಮರಾಠಿ ಮಂದಿಗೆ ತಲೆಬುಡ ತಿಳಿಯದಿದ್ದರೂ ಅವರೂ ಕೂಗಿದರು. ಉಳಿದ ಐದೂ ಹೆಸರುಗಳು ಒಂದೊಂದಾಗಿ ಬಂದವು, ಒಂದೊಂದಕ್ಕೂ ಅಂಗಳ ದನಿಗೂಡಿಸಿತು. ನಾನು ರಾಚವ್ವನನ್ನೇ ನೋಡುತ್ತಿದ್ದೆ. ಆಕೆ ಸೌಟನ್ನು ಎದೆಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಬಿಳಿ ಸೀರೆಗೆ ತುಪ್ಪ ಸೋರಿದ್ದು ಆಕೆಗೆ ತಿಳಿಯಲೇ ಇಲ್ಲ.

ಉಪ್ಪು ಬಂತು. ನಾನೇ ಭರಣಿ ಹಿಡಿದು ಎಲೆಎಲೆಗೂ ಬಡಿಸುತ್ತ ಹೋದೆ. ಊಟ ಮತ್ತೆ ಗದ್ದಲದಿಂದ ಶುರುವಾಗುವಾಗ ನಾಗವ್ವ ಕೂತಲ್ಲಿಂದಲೇ ಕರೆದಳು.

"ಏ ರಾಚವ್ವಾ, ಊರೆಲ್ಲಾ ಹೇಳಿತು. ನೀನೂ ಒಮ್ಮೆ ಹೇಳ."

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಹೆಂಗಸರು ಅಡ್ಡ ನಿಂತು ಕಾಡಿದಾಗ, ಒಡಪು ಕಟ್ಟಿ, ಪದದ ನಡುವೆ ಹೆಸರು ಸೇರಿಸಿ ಹೇಳಬೇಕು. ಅದೂ ಮುತ್ತೈದೆಯರು. ಗಂಡ ಸತ್ತವಳು ಒಡಪು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಕೆಲವು ಹೆಂಗಸರು ಮುಖ ಮುಖ ನೋಡಿಕೊಂಡರು. ನಾಗವ್ವ ಅವರ ಕಡೆ ತಿರುಗಿದಳು. "ಯಾಕ? ಸತ್ತ ಮಗನ ಹೆಸರ ನಾ ದಿನಾ ಕರೀತೀನಿ. ಆಕಿ ಯಾಕ ಕರೀಬಾರದು?" ರಾಚವ್ವ ತಲೆ ತಗ್ಗಿಸಿದಳು. ನಮ್ಮನ್ನೆಲ್ಲ ಬೈದು ಸಾಕಿದ ಆ ಹೆಂಗಸು ಮದುಮಗಳ ಹಾಗೆ ನಾಚಿದಳು. ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಒಮ್ಮೆಲೇ ಹೇಳಿದಳು.

"ಅಕ್ಕಿ ಬೆಲ್ಲ ತುಪ್ಪ ಬಂತು ಕೈಗಾಡಿ ಹತ್ತಿ,
ಖಾರ ತಿಂದ ಸುಭೇದಾರ್ರಿಗೆ ಏರಿತ್ರಿ ನೆತ್ತಿ,
ತೋಪಿನ ಗುಂಡಿನ ನಡುವ ಒಯ್ದರು ಪಲ್ಟನ್ನಿಗೆ ಬುತ್ತಿ,
ಶೆಟ್ಟೆಪ್ಪನವರ ಹೆಂಡತಿ ನಾ, ಹೇಳತೀನಿ ತಲಿ ಎತ್ತಿ."

ಆಮೇಲೆ ಎದ್ದ ಗದ್ದಲವನ್ನು ಬರೆಯುವ ಶಕ್ತಿ ನನಗಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಸುಭೇದಾರರು. ಮತ್ತೊಮ್ಮೆ ಹೇಳಿಸಿದರು, ಮೂರನೆಯ ಸಲವೂ ಹೇಳಿಸಿದರು. ಸಂಜೆ ಮೆಣಸಿನಕಾಯಿಯ ಮೂಟೆಗಳನ್ನು ಗಾಡಿಗೆ ಹೇರಿ, ಮಾಲೆ ಹಾಕಿದ್ದನ್ನು ಮಾತ್ರ ಇಲ್ಲೇ ಬಿಟ್ಟು, ಶಾಮಣ್ಣ ಮಾಟುಂಗದ ದಾರಿ ಹಿಡಿದರು. ವಾರದೊಳಗೆ ಆರು ಹೆಸರಿನ ಬೋರ್ಡೂ ಬಂತು.

ಅಂದಿನಿಂದ ರಾಚವ್ವನ ಬಾಯಿಗೆ ಆ ಹೆಸರು ಹತ್ತಿತು. ಒಡಪಿಲ್ಲ, ಪದವಿಲ್ಲ, ಬರೀ ಹೆಸರು. ಪಲ್ಯ ಚೆನ್ನಾದರೆ ಶೆಟ್ಟೆಪ್ಪನವರ ಕೈ ಬಂದೈತಿ ಎನ್ನುವುದು, ಯಾರಾದರೂ ತಡವಾಗಿ ಬಂದರೆ ಶೆಟ್ಟೆಪ್ಪನವರಿಗೆ ಇದು ಸೇರತಿರಲಿಲ್ಲ ಎಂದು ಗದರುವುದು, ಮಳೆ ಬಂದರೆ ಶೆಟ್ಟೆಪ್ಪನವರು ಇಂಥಾದ್ದಕ್ಕ ಮಿರ್ಚಿ ಭಜಿ ಮಾಡತಿದ್ದರು ಎನ್ನುವುದು. ಇಷ್ಟು ವರ್ಷ ಹೇಳದೆ ಉಳಿದದ್ದನ್ನೆಲ್ಲ ದಿನವಿಡೀ ಹೇಳಿ ತೀರಿಸಿಕೊಂಡಳು. ಸುಭೇದಾರರೂ ಈಗ ಅಲ್ಲಿಯೇ ಉಣ್ಣುತ್ತಾರೆ, ಆ ಹೆಸರು ಬಂದಾಗಲೆಲ್ಲ ತಲೆಯಾಡಿಸುತ್ತಾರೆ.

ಮೊನ್ನೆ ನಮ್ಮ ಆಫೀಸಿಗೆ ಹೊಸದಾಗಿ ಬಂದ ಸತ್ಯಮೂರ್ತಿ ಎಂಬವರನ್ನು ಊಟಕ್ಕೆ ಕರೆದುಕೊಂಡು ಹೋದೆ. ಬೆಂಗಳೂರು ಕಡೆಯವರು, ಮಾತು ಬಲು ನಯ. ಒಂದು ವಾರ ತಪ್ಪದೆ ಉಂಡರು. ಎಂಟನೆಯ ದಿನ ಕೈ ತೊಳೆದು ಬಂದು ರಾಚವ್ವನನ್ನು ಕೇಳಿದರು, "ಅಲ್ಲಮ್ಮ, ನಾನು ಬಂದಾಗಿಂದ ನೋಡ್ತಿದ್ದೀನಿ, ನಿಮ್ಮ ಯಜಮಾನರು ಶೆಟ್ಟೆಪ್ಪನವರು ಒಂದಿನಾನೂ ಸಿಗಲಿಲ್ಲ. ಊಟಕ್ಕೆ ಎಷ್ಟೊತ್ತಿಗೆ ಬರ್ತಾರೆ?"

ರಾಚವ್ವ ಹಂಚಿನ ಮೇಲಿನ ರೊಟ್ಟಿ ತೆಗೆದಳು. ಆಕೆಯ ಮುಖದಲ್ಲಿ ನಗುವಿತ್ತು.

"ಅವರು ಬರೂದಿಲ್ಲ ತಮ್ಮಾ. ಬಾ ಕೂಡ್ರು, ಅವರ ಪಾಲಿಂದ ನೀ ಉಣ್ಣು," ಎಂದು ಅವರನ್ನು ಮತ್ತೆ ಕೂಡಿಸಿ, ಬಿಸಿ ರೊಟ್ಟಿಯನ್ನು ತಾಟಿಗೆ ಹಾಕಿದಳು.